ಆ ರಾಕ್ಷಸ ಯಾಕೆ ತಿರುಗಿದ?

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ವಿಷಯ ಇರಲಿಲ್ಲ ಅಂತೇನಲ್ಲ, ಬರೀ ಸೋಮಾರಿತನ. ಇವತ್ತು ಬರೀತಿರೋದು ಒಂದು ಆಟದ ಬಗ್ಗೆ. ಆಟದ ಬಗ್ಗೆ ಅನ್ನೋದಕ್ಕಿಂತ ಆ ಆಟದಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ. ತಪ್ಪು ಮಾಡೋಕೆ ಅರ್ಧ ನಿಮಿಷ ಸಾಕಾಯ್ತು. ಅದು ತಪ್ಪು ಅಂತ ಒಪ್ಪಿಕೊಳ್ಳೋಕೆ ಎರಡು ತಿಂಗಳು ಬೇಕಾಯ್ತು. ಆ ಎರಡು ತಿಂಗಳಲ್ಲಿ ಓದಿದಷ್ಟು ಪುಸ್ತಕ ನಾನು ಇಂಜಿನಿಯರಿಂಗ್ ಕೊನೇ ವರ್ಷದಲ್ಲೂ ಓದಿರಲಿಲ್ಲ :)

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಕೆಲವರಿಗೆ ಗೊತ್ತಿರಬಹುದು, ಗೊತ್ತಿಲ್ಲದವರಿಗೆ ಎರಡೇ ಮಾತಲ್ಲಿ ಹೇಳಿಬಿಡ್ತೀನಿ. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರ್ತಾರೆ. ಒಬ್ಬ ಮಾಸ್ಟರ್. ಅವನು ಕಥೆ ಹೇಳ್ತಾನೆ. "ಮುಂದೆ ಒಂದು ಗುಹೆ ಇದೆ, ಒಳಗಿಂದ ಹೊಗೆ ಬರ್ತಿದೆ, ಏನು ಮಾಡ್ತೀರಿ?" ಮಿಕ್ಕವರಿಗೆಲ್ಲ ಒಂದೊಂದು ಪಾತ್ರ. ಒಬ್ಬ ಯೋಧ, ಒಬ್ಬಳು ಮಂತ್ರವಾದಿ, ಒಬ್ಬ ಕಳ್ಳ, ಹೀಗೆ. ಅವರು ಏನು ಮಾಡ್ತೀವಿ ಅಂತ ಹೇಳ್ತಾರೆ. ಆಗುತ್ತೋ ಇಲ್ವೋ ಅಂತ ಅನುಮಾನ ಬಂದಾಗ ಇಪ್ಪತ್ತು ಮುಖದ ಒಂದು ದಾಳ ಹಾಕ್ತಾರೆ. ಅಷ್ಟೇ. ನಮ್ಮ ಕಡೆ ಮಳೆಗಾಲದ ರಾತ್ರಿ ಅಜ್ಜಿ ಕಥೆ ಹೇಳುವಾಗ ಮಧ್ಯೆ ಬಾಯಿ ಹಾಕಿ "ಅಜ್ಜಿ, ಆ ರಾಜಕುಮಾರ ಬಾವಿಗೆ ಇಳಿಯೋದು ಬೇಡ" ಅಂತಿದ್ವಲ್ಲ, ಆ ಬಾಯಿ ಹಾಕೋದಕ್ಕೇ ನಿಯಮ ಮಾಡಿದ್ರೆ ಹೇಗೆ, ಹಾಗೆ.

ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಈ ಮೇಜು ಕೂರುತ್ತೆ. ಮಾಸ್ಟರ್ ನಾನು. ಆಡೋಕೆ ಬರೋರು ಹಳೇ ಆಫೀಸಿನ ಇಬ್ಬರು ಗೆಳೆಯರು, ನನ್ನ ಹೆಂಡತಿ, ಮತ್ತೆ ಅಕ್ಕನ ಮಗ. ಗೆಳೆಯರಲ್ಲಿ ಒಬ್ಬನಿಗೆ ನಾವಿಟ್ಟಿರೋ ಹೆಸರು ಲಾಯರ್ರು. ಕೆಲಸ ಬ್ಯಾಂಕಿನಲ್ಲಿ, ಆದ್ರೆ ನಿಯಮದ ಪುಸ್ತಕದ ಪುಟದ ಸಂಖ್ಯೆ ಸಮೇತ ವಾದ ಮಾಡ್ತಾನೆ. ಇನ್ನೊಬ್ಬ ಬರೋದು ಮುಖ್ಯವಾಗಿ ನನ್ನ ಹೆಂಡತಿ ಮಾಡೋ ಗೋಳಿಬಜೆಗೆ. ಅವನನ್ನು ಗೋಳಿಬಜೆ ಅಂತಲೇ ಕರೆಯೋಣ.

ಅಕ್ಕನ ಮಗನನ್ನ ಮನೇಲಿ ಎಲ್ಲರೂ ಪುಟ್ಟ ಅಂತಾರೆ. ವಯಸ್ಸು ಹದಿನೈದು, ನನಗಿಂತ ಎರಡು ಇಂಚು ಉದ್ದ, ಆದ್ರೂ ಪುಟ್ಟ. ಭಾವನಿಗೆ ವರ್ಗ ಆಗಿ ಅವರು ಶಿವಮೊಗ್ಗದಿಂದ ಬೆಂಗಳೂರಿಗೆ ಬಂದಾಗ ಅವನು ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿದ್ದ. ಊರಲ್ಲಿ ಬಾಯಿ ಮುಚ್ಚಿಸೋಕೇ ಆಗ್ತಿರಲಿಲ್ಲ, ಇಲ್ಲಿಗೆ ಬಂದಮೇಲೆ ಮಾತೇ ನಿಂತುಹೋಯ್ತು. ಹೊಸ ಸ್ಕೂಲಲ್ಲಿ ಕೊನೇ ಬೆಂಚು, ಮನೇಲಿ ಮುಚ್ಚಿದ ಬಾಗಿಲು. "ನೀನಾದ್ರೂ ಸ್ವಲ್ಪ ಮಾತಾಡಿಸೋ" ಅಂತ ಅಕ್ಕ ಒಂದು ದಿನ ಅಂದ್ಲು. ಮಾತಾಡಿಸೋದು ಹೇಗೆ ಅಂತ ನನಗೂ ಗೊತ್ತಾಗಲಿಲ್ಲ. ಭಾನುವಾರ ಕರ್ಕೊಂಡು ಬಂದು ಮೇಜಿನ ಮುಂದೆ ಕೂರಿಸಿದೆ.

ಅವನು ಮಾಡಿಕೊಂಡ ಪಾತ್ರ ಗುಬ್ಬಿ. ಹಾಫ್ಲಿಂಗ್ ಅಂತ ಈ ಆಟದಲ್ಲಿ ಒಂದು ಕುಳ್ಳ ಜನಾಂಗ ಇದೆ, ಮೂರಡಿ ಎತ್ತರ. ಗುಬ್ಬಿ ಆ ಜನಾಂಗದ ಕಳ್ಳ. ಅವರಲ್ಲಿ ಒಂದು ಪಂಗಡದವರಿಗೆ 2014ರ ಪುಸ್ತಕದಲ್ಲಿ ಒಂದು ಮಜಾ ಕೊಟ್ಟಿದ್ದಾರೆ. ತಮಗಿಂತ ದೊಡ್ಡವರ ಬೆನ್ನ ಹಿಂದೆಯೇ ಅವರು ಅಡಗಿಕೊಳ್ಳಬಹುದು. ಗೋಳಿಬಜೆಯ ಯೋಧ ಆರಡಿ ಆಳು. ಗುಬ್ಬಿ ಅವನ ಬೆನ್ನ ಹಿಂದೆ ಸೇರಿಕೊಂಡು ಎರಡು ಊರು ದಾಟಿದ, ಒಂದು ಮದುವೆ ಊಟ ಮಾಡಿದ, ಒಬ್ಬ ಜಮೀನ್ದಾರನ ಉಂಗುರ ಎಗರಿಸಿದ. ಒಂದೊಂದು ಸಲವೂ ಪುಟ್ಟ ಹೇಗೆ ಅಡಗಿದೆ, ಎಲ್ಲಿ ಕಾಲಿಟ್ಟೆ, ಉಸಿರು ಹೇಗೆ ಹಿಡಿದೆ ಅಂತ ಹತ್ತು ನಿಮಿಷ ಹೇಳ್ತಿದ್ದ. ವಾರವಿಡೀ ಆಡದ ಮಾತೆಲ್ಲ ಭಾನುವಾರ ಗುಬ್ಬಿಯ ಬಾಯಲ್ಲಿ ಬರ್ತಿತ್ತು. ನನ್ನ ಹೆಂಡತಿ ಅಡುಗೆಮನೆಯಿಂದ ನನ್ನ ಕಡೆ ನೋಡಿ ನಗ್ತಿದ್ಲು.

ಇನ್ನು ಆ ದಿನದ ಕಥೆಗೆ ಬರ್ತೀನಿ.

ಒಂದು ನೆಲಮಾಳಿಗೆ. ಕಬ್ಬಿಣದ ಸರಳಿನ ಗೇಟು, ಬೀಗ ಹಾಕಿದೆ. ಒಳಗೆ ಉದ್ದನೆ ಹಜಾರ, ಎರಡು ಕಡೆ ಪಂಜು. ಆ ಕಡೆ ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಬೀಗದ ಕೈ. ಕಾವಲಿಗೆ ಒಬ್ಬ ಓಗರ್, ಅಂದ್ರೆ ದೊಡ್ಡ ಹೊಟ್ಟೆಯ, ಬುದ್ಧಿ ಕಮ್ಮಿಯ ರಾಕ್ಷಸ, ಕೈಯಲ್ಲಿ ಮರದ ದೊಣ್ಣೆ. ನನ್ನ ಲೆಕ್ಕದಲ್ಲಿ ಇವರು ಗೇಟು ಮುರೀತಾರೆ, ದೊಡ್ಡ ಕಾಳಗ ಆಗುತ್ತೆ. ಆ ಕಾಳಗಕ್ಕೆ ನಾನು ಎರಡು ರಾತ್ರಿ ಕೂತು ನಕ್ಷೆ ಬರೆದಿದ್ದೆ, ಬಣ್ಣ ಕೂಡ ತುಂಬಿದ್ದೆ.

ಪುಟ್ಟ ಬೇರೆಯೇ ಲೆಕ್ಕ ಹಾಕಿದ. ಗುಬ್ಬಿ ಸಣ್ಣವನು, ಸರಳಿನ ಸಂದಿಯಲ್ಲಿ ನುಸುಳ್ತಾನೆ. ಒಳಗೆ ಒಂದು ಕಂಬ ಇದೆ, ಅದರ ಹಿಂದೆ ನಿಲ್ತಾನೆ. ಮಿಕ್ಕ ಮೂವರು ಗೇಟಿನ ಹತ್ತಿರ ಗಲಾಟೆ ಎಬ್ಬಿಸ್ತಾರೆ, ಕಲ್ಲು ಹೊಡೀತಾರೆ, ರಾಕ್ಷಸನ ಅಮ್ಮನ್ನ ಬೈತಾರೆ. ರಾಕ್ಷಸ ಗೇಟಿನ ಕಡೆ ಮುಖ ಮಾಡಿ ನಿಂತಾಗ ಗುಬ್ಬಿ ಅವನ ಬೆನ್ನ ಹಿಂದೆ ಅರವತ್ತು ಅಡಿ ದಾಟಿ ಬೀಗದ ಕೈ ತರ್ತಾನೆ.

ಮೇಜಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆದ್ರು. ನಾನು ನಕ್ಷೆ ನೋಡಿದೆ.

ಗುಬ್ಬಿ ಕಂಬದ ಹಿಂದೆ ಅಡಗಿದ. ದಾಳದಲ್ಲಿ 15 ಬಿತ್ತು, ಅವನ ಚಾಕಚಕ್ಯತೆಗೆ 8 ಸೇರಿ 23. ಅಲ್ಲಿಂದ ಹೊರಟ. ಆಗ ಲಾಯರ್ರು ಬಾಯಿ ಬಿಟ್ಟ. "ಕಂಬ ಬಿಟ್ಟು ಬೆಳಕಿಗೆ ಬಂದಮೇಲೆ ಅಡಗಿರೋದು ಹೇಗೆ? ನೋಡೋವನಿಗೆ ಸ್ಪಷ್ಟವಾಗಿ ಕಾಣ್ತಿದ್ರೆ ಅಡಗೋಕೆ ಆಗಲ್ಲ ಅಂತ ಬರೆದಿದೆ." ಗೋಳಿಬಜೆ, "ಲೋ, ಅವನು ನೋಡ್ತಿರೋದು ನಮ್ಮನ್ನ. ಬೆನ್ನಲ್ಲಿ ಕಣ್ಣಿದೆಯೇನೋ?" ಲಾಯರ್ರು, "ಕಾಳಗದಲ್ಲಿ ಎಲ್ಲರೂ ಸುತ್ತಮುತ್ತ ಎಚ್ಚರವಾಗಿರ್ತಾರೆ ಅಂತಾನೂ ಬರೆದಿದೆ." ಗೋಳಿಬಜೆ, "ಅದರ ಮುಂದಿನ ಸಾಲು ಓದು." ಮುಂದಿನ ಸಾಲಲ್ಲಿ ಗಮನ ಬೇರೆ ಕಡೆ ಇರೋವನ ಹತ್ತಿರ ಹೋಗುವಾಗ ಅಡಗಿಯೇ ಇರೋಕೆ ಮಾಸ್ಟರ್ ಬಿಡಬಹುದು ಅಂತ ಇದೆ. ಇಬ್ಬರೂ ಪುಸ್ತಕ ಕಿತ್ತಾಡಿದ್ರು. ಮುಕ್ಕಾಲು ಗಂಟೆ. ಗೋಳಿಬಜೆ ತಣ್ಣಗಾಯ್ತು, ತಿಂಡಿಯ ಗೋಳಿಬಜೆ.

ಪುಟ್ಟ ಮಾತ್ರ ಸುಮ್ನೆ ದಾಳ ಕೈಯಲ್ಲಿ ಹಿಡ್ಕೊಂಡು ಕೂತಿದ್ದ.

ಕೊನೆಗೆ ನಾನು ದೊಡ್ಡ ಮನುಷ್ಯನ ಹಾಗೆ ತೀರ್ಪು ಕೊಟ್ಟೆ. "ಅರವತ್ತು ಅಡಿ ಅಂದ್ರೆ ಗುಬ್ಬಿಗೆ ಮೂರು ಸುತ್ತು. ಪ್ರತಿ ಸುತ್ತಿಗೂ ಒಂದು ದಾಳ ಹಾಕು. ರಾಕ್ಷಸನಿಗೆ ನಾನು ಹಾಕ್ತೀನಿ. ಯಾರದು ಜಾಸ್ತಿ ಬರುತ್ತೋ ಅವರು ಗೆದ್ದಂಗೆ." ಇಬ್ಬರಿಗೂ ಒಪ್ಪಿಗೆ. ಎಂಥಾ ನ್ಯಾಯ ನೋಡಿ!

ಮೊದಲ ಸುತ್ತು ಗುಬ್ಬಿ ಗೆದ್ದ. ಎರಡನೇದೂ ಗೆದ್ದ. ಮೂರನೇದಕ್ಕೆ ಅವನಿಗೆ ಬಿದ್ದಿದ್ದು 7, ಸೇರಿಸಿ 15. ರಾಕ್ಷಸನಿಗೆ ಬಿದ್ದಿದ್ದು 19, ಅವನ ಮಂದಬುದ್ಧಿಗೆ 2 ಕಳೆದು 17.

"ರಾಕ್ಷಸ ತಿರುಗಿದ" ಅಂದೆ. "ಬೀಗದ ಕೈ ಹತ್ತಿರ ನಿನ್ನನ್ನ ನೋಡಿದ."

"ಯಾಕೆ ತಿರುಗಿದ, ಮಾವ?" ಅಂತ ಪುಟ್ಟ ಕೇಳಿದ.

"ಸುಮ್ನೆ. ದಾಳ ಹಾಗೆ ಬಿತ್ತು."

ಗುಬ್ಬಿಗೆ ಹಿಂದಿನ ಕಾಳಗದಲ್ಲಿ ಪೆಟ್ಟಾಗಿ ಉಳಿದಿದ್ದು ಆರೇ ಅಂಕ ಜೀವ. ದೊಣ್ಣೆಯ ಒಂದೇ ಏಟಿಗೆ ಬಿದ್ದ. ಯೋಧ ಗೇಟಿನ ಆಚೆ, ವೈದ್ಯ ಮಂತ್ರಗಳೆಲ್ಲ ಖರ್ಚಾಗಿ ಖಾಲಿ ಕೈ. ಬಿದ್ದವನು ಪ್ರತಿ ಸುತ್ತಿಗೂ ಒಂದು ದಾಳ ಹಾಕಬೇಕು, ಹತ್ತಕ್ಕಿಂತ ಕಮ್ಮಿ ಮೂರು ಸಲ ಬಿದ್ರೆ ಸಾವು. ಪುಟ್ಟ ಹಾಕಿದ. 4. 12. 8. 6.

"ಪರ್ವಾಗಿಲ್ಲ ಮಾವ" ಅಂದ. ಪಾತ್ರದ ಹಾಳೆಯನ್ನು ಎರಡಾಗಿ ಮಡಚಿ, ಮತ್ತೆ ನಾಲ್ಕಾಗಿ ಮಡಚಿ ಜೇಬಿಗೆ ಹಾಕ್ಕೊಂಡ. ಮುಂದಿನ ಭಾನುವಾರ ಟೆಸ್ಟ್ ಇದೆ ಅಂದ. ಅದರ ಮುಂದಿನ ಭಾನುವಾರ ತಲೆನೋವು. ಆಮೇಲೆ ಕಾರಣ ಹೇಳೋದನ್ನೂ ಬಿಟ್ಟ.

ನಾನು ಏನು ಮಾಡಿದೆ ಗೊತ್ತಾ? ಅವನಿಗೆ ಫೋನ್ ಮಾಡಲಿಲ್ಲ. ನಾನು ಮಾಡಿದ್ದೇ ಸರಿ ಅಂತ ಸಾಬೀತು ಮಾಡೋಕೆ ಪುಸ್ತಕ ಹುಡುಕೋಕೆ ಶುರು ಮಾಡಿದೆ.

ಹುಡುಕಿದಷ್ಟೂ ಗೊಂದಲ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಅಮೆರಿಕನ್ನರು 1974ರಲ್ಲಿ ಈ ಆಟ ಹೊರತಂದಾಗ ಅದರಲ್ಲಿ ಕಳ್ಳನ ಪಾತ್ರವೇ ಇರಲಿಲ್ಲ. ಯೋಧ, ಮಂತ್ರವಾದಿ, ಪೂಜಾರಿ, ಮೂರೇ. ಕಳ್ಳ ಬಂದಿದ್ದು 1975ರ ಗ್ರೇಹಾಕ್ ಅನ್ನೋ ಪುರವಣಿ ಪುಸ್ತಕದಲ್ಲಿ. ಬರ್ತಾ ಬರ್ತಾನೇ ಜಗಳ ತಂದ. ಕಳ್ಳನಿಗೆ ನೆರಳಲ್ಲಿ ಅಡಗೋ ವಿದ್ಯೆ ಇದೆ ಅಂದ್ರು, ಹೊಸ ಕಳ್ಳನಿಗೆ ಅದು ಫಲಿಸೋ ಸಾಧ್ಯತೆ ನೂರಕ್ಕೆ ಬರೀ ಹತ್ತು! ಅಂದ್ರೆ ಕಸುಬಿನ ಕಳ್ಳ ಹತ್ತು ಸಲ ಅಡಗಿದ್ರೆ ಒಂಬತ್ತು ಸಲ ಸಿಕ್ಕಿಬೀಳ್ತಾನೆ. ಹಾಗಾದ್ರೆ ಕಳ್ಳ ಅಲ್ಲದ ಯೋಧ ಒಂದು ಬಾಗಿಲ ಹಿಂದೆ ನಿಂತ್ರೆ? ಅವನಿಗೆ ಆ ವಿದ್ಯೆಯೇ ಇಲ್ಲವಲ್ಲ, ಅಡಗೋಕೇ ಆಗಲ್ವಾ? ಮೂರು ವರ್ಷದ ಮಗು ಕೂಡ ಬಾಗಿಲ ಹಿಂದೆ ಅಡಗುತ್ತಪ್ಪ.

1989ರ ಎರಡನೇ ಆವೃತ್ತಿಯಲ್ಲಿ ಕಳ್ಳನ ದಾಳವನ್ನು ಮಾಸ್ಟರೇ ಗುಟ್ಟಾಗಿ ಹಾಕಬೇಕು ಅಂತ ಆಯ್ತು. ಯಾಕಂದ್ರೆ ಕಳ್ಳನಿಗೆ ತಾನು ಅಡಗಿದ್ದೀನಿ ಅಂತಲೇ ನಂಬಿಕೆ, ನಿಜವಾಗಿ ಅಡಗಿದ್ದಾನೋ ಇಲ್ವೋ ಅವನಿಗೆ ತಿಳಿಯಬಾರದು. 2000ದ ಮೂರನೇ ಆವೃತ್ತಿಯಲ್ಲಿ ಅಡಗೋದು ಬೇರೆ, ಸದ್ದು ಮಾಡದೆ ನಡೆಯೋದು ಬೇರೆ. ಆ ಕಡೆ ನೋಡೋದು ಬೇರೆ, ಕೇಳಿಸಿಕೊಳ್ಳೋದು ಬೇರೆ. ಒಂದು ಹಜಾರ ದಾಟೋಕೆ ನಾಲ್ಕು ದಾಳ. 2008ರ ನಾಲ್ಕನೆಯದರಲ್ಲಿ ಎಲ್ಲ ಸೇರಿಸಿ ಒಂದೇ ಮಾಡಿದ್ರು. ಪುಸ್ತಕ ಅಚ್ಚಾದ ಸ್ವಲ್ಪ ದಿನಕ್ಕೇ ಅಡಗೋ ನಿಯಮಕ್ಕೆ ತಿದ್ದುಪಡಿ ಹೊರಡಿಸಿದ್ರು. 2014ರಲ್ಲಿ ಅಡಗೋಕೆ ತಕ್ಕ ಸಂದರ್ಭ ಹೌದೋ ಅಲ್ವೋ ಅನ್ನೋದನ್ನ ಮಾಸ್ಟರಿಗೇ ಬಿಟ್ರು. 2024ರಲ್ಲಿ ಮತ್ತೆ ಬಿಗಿ ಮಾಡಿದ್ರು. ದಟ್ಟ ಕತ್ತಲೆಯಲ್ಲೋ ದೊಡ್ಡ ಮರೆಯ ಹಿಂದೆಯೋ ಇದ್ದು, ಯಾವ ಶತ್ರುವಿಗೂ ಕಾಣದ ಹಾಗೆ ನಿಂತು, ದಾಳದಲ್ಲಿ 15 ಮುಟ್ಟಿದ್ರೆ ನೀವು 'ಅದೃಶ್ಯ'. ಪಿಸುಮಾತಿಗಿಂತ ಜೋರಾಗಿ ಸದ್ದು ಮಾಡಿದ್ರೆ, ಯಾರನ್ನಾದ್ರೂ ಹೊಡೆದ್ರೆ, ಬಾಯಿಬಿಟ್ಟು ಮಂತ್ರ ಹೇಳಿದ್ರೆ ಅಥವಾ ಶತ್ರು ಹುಡುಕಿಬಿಟ್ರೆ ಅದು ಮುಗೀತು. ಮರೆ ಬಿಟ್ಟು ಹೊರಗೆ ಬಂದ್ರೆ ಮುಗೀತು ಅಂತ ಆ ಪಟ್ಟಿಯಲ್ಲಿ ಇಲ್ಲ. ಸರಿ, ಹೊಸ ಜಗಳ. ಕಂಬದ ಹಿಂದೆ ಒಂದು ಸಲ ಅಡಗಿದವನು ಆಮೇಲೆ ಅಂಗಳದ ಮಧ್ಯೆ ನಡ್ಕೊಂಡು ಹೋದ್ರೂ ಕಾಣಲ್ವಾ?

ಐವತ್ತು ವರ್ಷ. ಕತ್ತಿಯಲ್ಲಿ ಹೊಡೆಯೋದು ಹೇಗೆ ಅನ್ನೋದಕ್ಕೆ ಇಷ್ಟು ಜಗಳ ಇಲ್ಲ. ಬೆಂಕಿಯ ಮಂತ್ರಕ್ಕೂ ಇಲ್ಲ. ಮಕ್ಕಳಾಟದ ಅಡಗೋದಕ್ಕೆ ಯಾಕೆ?

ಈ ಪ್ರಶ್ನೆ ಇಟ್ಕೊಂಡೇ ಒಂದು ರಾತ್ರಿ ಸುಮ್ನೆ ಲೆಕ್ಕ ಹಾಕೋಕೆ ಕೂತೆ. 2014ರ ನಿಯಮದಲ್ಲಿ ಸುಮ್ನೆ ನಿಂತಿರೋ ಕಾವಲುಗಾರನಿಗೆ ದಾಳ ಹಾಕೋ ಹಾಗೇ ಇಲ್ಲ. ಅವನ ಗಮನಕ್ಕೆ ಒಂದು ಖಾಯಂ ಅಂಕ ಇರುತ್ತೆ. ಓಗರ್ ರಾಕ್ಷಸನಿಗೆ ಅದು 8. ಬರೀ ಎಂಟು! ಗುಬ್ಬಿಗೆ ದಾಳದಲ್ಲಿ ಅತಿ ಕಮ್ಮಿ ಅಂದ್ರೆ 1 ಬಿದ್ರೂ ಸೇರಿಸಿ 9. ಅಂದ್ರೆ ಆ ರಾಕ್ಷಸ ಗುಬ್ಬಿಯನ್ನ ನೋಡೋ ಸಾಧ್ಯತೆ ಸೊನ್ನೆ. ನಾನು ರಾಕ್ಷಸನ ಪರವಾಗಿ ದಾಳ ಹಾಕಿದ ತಕ್ಷಣ ಅದು ನೂರಕ್ಕೆ 11 ಆಯ್ತು. ಮೂರು ಸಲ ಹಾಕಿಸಿದ್ದಕ್ಕೆ ನೂರಕ್ಕೆ 30. ಸೊನ್ನೆ ಇದ್ದದ್ದನ್ನ ಮೂವತ್ತು ಮಾಡಿದವನು ನಾನು. ದಾಳ ಅಲ್ಲ. "ದಾಳ ಹಾಗೆ ಬಿತ್ತು" ಅಂತ ಮಗುವಿನ ಮುಖ ನೋಡಿ ಹೇಳಿದ್ದೆ.

ಇದು ಬರೀ ನನ್ನ ಮೇಜಿನ ರೋಗ ಅಲ್ಲ ಅಂತ ಆಮೇಲೆ ಅನ್ನಿಸ್ತು. ಒಬ್ಬ ಕಾವಲುಗಾರನಿಗೆ ಕಳ್ಳ ಕಾಣೋ ಸಾಧ್ಯತೆ ನೂರಕ್ಕೆ ಮೂವತ್ತು ಅಂತ ಇಟ್ಕೊಳ್ಳಿ. ನಾಲ್ವರು ಕಾವಲುಗಾರರಿಗೆ ಬೇರೆ ಬೇರೆ ದಾಳ ಹಾಕಿದ್ರೆ ಯಾರಾದ್ರೂ ಒಬ್ಬನಿಗೆ ಕಾಣೋ ಸಾಧ್ಯತೆ ನೂರಕ್ಕೆ 76. ಮಾಸ್ಟರ್ ಮೋಸ ಮಾಡಬೇಕಾಗಿಲ್ಲ, ದಾಳ ಹಾಕ್ತಾ ಹೋದ್ರೆ ಸಾಕು. ಕಳ್ಳ ಗೆದ್ದಾಗ "ಇನ್ನೊಂದು ಸಲ ಹಾಕು", ಸೋತಾಗ "ಮುಗೀತು". ಗೆಲುವು ಒಂದು ಸುತ್ತಿಗೆ, ಸೋಲು ಶಾಶ್ವತ.

ಇದೆಲ್ಲ ಲೆಕ್ಕ ಆಯ್ತು. ಆದ್ರೂ ಪುಟ್ಟನ ಪ್ರಶ್ನೆಗೆ ಇದು ಉತ್ತರ ಅಲ್ಲ. ಅವನು ಕೇಳಿದ್ದು ಎಷ್ಟು ಬಿತ್ತು ಅಂತ ಅಲ್ಲ, ಯಾಕೆ ತಿರುಗಿದ ಅಂತ. ಮುಂದೆ ಮೂರು ಜನ ಕಲ್ಲು ಹೊಡೀತಿದ್ದಾರೆ, ಅಮ್ಮನ್ನ ಬೈತಿದ್ದಾರೆ, ಮಂದಬುದ್ಧಿಯ ರಾಕ್ಷಸ. ಅವನು ಯಾಕೆ ತಿರುಗ್ತಾನೆ?

ಉತ್ತರ ಸಿಕ್ಕಿದ್ದು ಪುಸ್ತಕದಲ್ಲಿ ಅಲ್ಲ, ಐಸ್ ಪೈಸ್ ನೆನಪಲ್ಲಿ.

ನಮ್ಮೂರಲ್ಲಿ ದಸರಾ ರಜೆ ಅಂದ್ರೆ ಐಸ್ ಪೈಸ್. ಆಡೋಕೆ ಜಾಗ ಬೇಕಾದಷ್ಟು. ಹುಲ್ಲಿನ ಬಣವೆ, ಸೌದೆ ಕೊಟ್ಟಿಗೆ, ಬಚ್ಚಲಮನೆ ಹಂಡೆಯ ಹಿಂದೆ. ನಮ್ಮ ಐಸ್ ಪೈಸ್ ನಿಯಮ ಬಹಳ ಕಟ್ಟುನಿಟ್ಟು. ಹುಡುಕೋವಳು "ಯಾರೋ ಇದ್ದಾರೆ ಅಲ್ಲಿ" ಅಂದ್ರೆ ನಡೆಯಲ್ಲ. ಹೆಸರು ಹೇಳಬೇಕು, ಜಾಗ ಹೇಳಬೇಕು, ಎರಡೂ ಸರಿ ಇರಬೇಕು. ಬಣವೆ ಹಿಂದೆ ಅಂಗಿ ಕಂಡು ತಪ್ಪು ಹೆಸರು ಕೂಗಿದ್ರೆ ಅವಳೇ ಮತ್ತೆ ಕಣ್ಣು ಮುಚ್ಚಬೇಕು. ಅದಕ್ಕೇ ನಾವು ಅಂಗಿ ಬದಲಾಯಿಸಿಕೊಂಡು ಅಡಗ್ತಿದ್ವಿ. ದೊಡ್ಡಪ್ಪನ ಮಗನ ಅಂಗಿ ನನಗೆ ಮೊಣಕಾಲಿನವರೆಗೂ ಬರ್ತಿತ್ತು, ಆದ್ರೂ!

ಪಾತ್‌ಫೈಂಡರ್ ಅಂತ ಇದೇ ತರಹದ ಇನ್ನೊಂದು ಆಟ ಇದೆ. 2019ರಲ್ಲಿ ಬಂದ ಅದರ ಎರಡನೇ ಆವೃತ್ತಿ ಓದುವಾಗ ನನಗೆ ನಗು ಬಂತು. ಅದರಲ್ಲಿ ಅಡಗೋದಕ್ಕೆ ಮೆಟ್ಟಿಲು ಮಾಡಿದ್ದಾರೆ. ಕಣ್ಣಿಗೆ ಕಾಣ್ತಿರೋದು ಒಂದು. ಕಾಣಲ್ಲ, ಆದ್ರೆ ಯಾವ ಜಾಗದಲ್ಲಿದ್ದಾನೆ ಅಂತ ಗೊತ್ತು, ಅದು ಎರಡು. ಇಲ್ಲೇ ಎಲ್ಲೋ ಇದ್ದಾನೆ, ಜಾಗ ಗೊತ್ತಿಲ್ಲ, ಮೂರು. ಇಲ್ಲಿ ಒಬ್ಬ ಇದ್ದಾನೆ ಅಂತಲೇ ಗೊತ್ತಿಲ್ಲ, ನಾಲ್ಕು. ಇದೆಲ್ಲ ನಮ್ಮ ಬಣವೆ ಹಿಂದೆ ಇತ್ತಲ್ಲ! ನಾಲ್ಕನೇದು ಮಾತ್ರ ಐಸ್ ಪೈಸ್‌ನಲ್ಲಿ ಬರಲ್ಲ, ಯಾರು ಯಾರು ಆಡ್ತಿದ್ದಾರೆ ಅಂತ ಹುಡುಕೋವಳಿಗೆ ಗೊತ್ತಿರುತ್ತೆ. ಹೇಳದೆ ಕೇಳದೆ ಮನೆಗೆ ಊಟಕ್ಕೆ ಹೋದವನನ್ನು ಬಿಟ್ಟು :)

ಆ ಮೆಟ್ಟಿಲುಗಳಿಂದ ಒಂದು ತಿಳೀತು. ಅಡಗೋದು ಅನ್ನೋದು ಅಡಗಿದವನಲ್ಲಿ ಇರೋ ಗುಣ ಅಲ್ಲ. ಎತ್ತರ, ತೂಕದ ತರಹ ಹಾಳೆಯಲ್ಲಿ ಬರೆದಿಡೋಕೆ ಆಗಲ್ಲ. ಅದು ಇರೋದು ನೋಡೋವನ ತಲೆಯೊಳಗೆ. ಗುಬ್ಬಿ ಅಡಗಿದ್ದಾನಾ ಅಂತ ಕೇಳಿದ್ರೆ ಅರ್ಥವಿಲ್ಲ, ಆ ರಾಕ್ಷಸನಿಗೆ ಈಗ ಏನು ಗೊತ್ತು ಅಂತ ಕೇಳಬೇಕು. ಆ ರಾಕ್ಷಸನ ತಲೆ ಯಾರದು? ನನ್ನದು. ನನಗೆ ಗುಬ್ಬಿ ಎಲ್ಲಿದ್ದಾನೆ ಅಂತ ಇಂಚಿಂಚೂ ಗೊತ್ತು, ನಕ್ಷೆಯ ಮೇಲೆ ಅವನ ಕಾಯಿ ನನ್ನ ಕಣ್ಣ ಮುಂದೆಯೇ ಇದೆ. ಎಲ್ಲಾ ಗೊತ್ತಿದ್ದವನು ಗೊತ್ತಿಲ್ಲದವನ ಹಾಗೆ ಇರಬೇಕು. ಐವತ್ತು ವರ್ಷದ ಗೊಂದಲ ಇಷ್ಟೇ ಅನ್ನಿಸ್ತು. ನಿಯಮ ಎಷ್ಟು ಬರೆದ್ರೂ, ಹುಡುಕೋವನು ಮೊದಲೇ ನೋಡಿಬಿಟ್ಟಿದ್ದಾನೆ.

ನಮ್ಮ ಅಕ್ಕ ಐಸ್ ಪೈಸ್ ಆಡುವಾಗ ಬೆರಳ ಸಂದಿಯಿಂದ ನೋಡ್ತಿದ್ಲು. ಎಲ್ಲರಿಗೂ ಗೊತ್ತಿತ್ತು, ಸಾಬೀತು ಮಾಡೋಕೆ ಆಗ್ತಿರಲಿಲ್ಲ. ಇಪ್ಪತ್ತರವರೆಗೆ ಎಣಿಸಿ, ಅಲ್ಲಿ ಇಲ್ಲಿ ಸುಮ್ನೆ ಹುಡುಕಿದ ಹಾಗೆ ಮಾಡಿ, "ಅಯ್ಯೋ ಎಲ್ಲಿ ಹೋದ್ರಪ್ಪಾ" ಅಂತ ನಾಟಕ ಮಾಡಿ, ಆಮೇಲೆ ನೆಟ್ಟಗೆ ಹಂಡೆ ಹಿಂದೆ ಬರ್ತಿದ್ಲು. ನಾನು "ಕಳ್ಳಾಟ! ಕಳ್ಳಾಟ!" ಅಂತ ಅಳ್ತಿದ್ದೆ. "ಇಲ್ಲ ಕಣೋ, ಸುಮ್ನೆ ಈ ಕಡೆ ಬಂದೆ" ಅಂತಿದ್ಲು.

ಸುಮ್ನೆ.

ನಾನು ಅಕ್ಕನ ಮಗನಿಗೆ ಹೇಳಿದ್ದೂ ಅದೇ ಮಾತು. ರಾಕ್ಷಸ ಯಾಕೆ ತಿರುಗಿದ ಅಂದ್ರೆ, ಗುಬ್ಬಿ ಬೀಗದ ಕೈ ತಂದುಬಿಟ್ರೆ ನಾನು ಎರಡು ರಾತ್ರಿ ಬಣ್ಣ ತುಂಬಿದ ಕಾಳಗ ಹಾಳಾಗ್ತಿತ್ತು. ಮೂರು ದಾಳ ಹಾಕಿಸಿದ್ದು ನ್ಯಾಯಕ್ಕಲ್ಲ, ಆ ಮೂರರಲ್ಲಿ ಒಂದಾದ್ರೂ ಸೋಲಲಿ ಅಂತ. ಆ ಹೊತ್ತಲ್ಲಿ ಹಾಗೆ ಯೋಚನೆ ಮಾಡಿದೆ ಅಂತ ಅಲ್ಲ. ಬೆರಳ ಸಂದಿ ತಾನಾಗೇ ಬಿಟ್ಕೊಂಡಿತ್ತು, ಅಷ್ಟೇ.

ಅಷ್ಟರಲ್ಲಿ ಅಕ್ಕನ ಫೋನ್ ಬಂತು. "ಏನೋ ನೀವು ಆಡೋದು ನಿಲ್ಲಿಸಿಬಿಟ್ರಾ? ಇವನು ಭಾನುವಾರ ಸಂಜೆ ಆದ್ರೆ ರೂಮಿಂದ ಆಚೆಗೇ ಬರಲ್ಲ. ಊಟಕ್ಕೆ ಕರೆದ್ರೂ ಹ್ಞೂಂ ಅಂತಾನೆ, ಬರಲ್ಲ." ನಾನು "ಇಲ್ಲ ಅಕ್ಕ, ನಾನೇ ಬರ್ತೀನಿ" ಅಂದೆ.

ಹೋದೆ. ಪುಟ್ಟ ಮಂಚದ ಮೇಲೆ ಕೂತು ಏನೋ ಓದ್ತಿದ್ದ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸ್ಕೊಂಡು ಹೋಗಿದ್ದೆ. ಲೆಕ್ಕ, ಸೊನ್ನೆ, ಹನ್ನೊಂದು, ಮೂವತ್ತು, ಎಲ್ಲ. ಅಲ್ಲಿ ಬಾಯಿಗೆ ಬಂದಿದ್ದು ಇಷ್ಟೇ. "ಪುಟ್ಟ, ಆ ರಾಕ್ಷಸ ತಿರುಗ್ತಿರಲಿಲ್ಲ ಕಣೋ. ನಾನು ತಿರುಗಿಸಿದೆ."

ಅವನು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, "ನಂಗೊತ್ತು ಮಾವ" ಅಂದ. "ನಾನು ಹೊರಡೋ ಮುಂಚೆ ನೀನು ನಕ್ಷೆ ನೋಡಿದೆ."

ಅಲ್ಲಿಗೆ ಮುಗೀತು. ಕೊನೇ ಬೆಂಚಲ್ಲಿ ಕೂತು ಯಾರು ಎತ್ತ ನೋಡ್ತಾರೆ ಅಂತ ದಿನವಿಡೀ ಗಮನಿಸೋ ಹುಡುಗ ಅವನು. ಮೇಜಿನಲ್ಲಿ ಅಡಗಿಕೊಂಡಿದ್ದೀನಿ ಅಂದ್ಕೊಂಡಿದ್ದು ನಾನು, ನನ್ನನ್ನ ಅವನು ಹೆಸರು ಜಾಗ ಎರಡೂ ಹೇಳಿ ಹಿಡಿದುಬಿಟ್ಟಿದ್ದ.

"ಗುಬ್ಬಿ ಬದುಕಿದ್ದಾನೆ ಅಂತ ಮಾಡೋಣ" ಅಂದೆ. "ಬೇಡ ಮಾವ. ಸತ್ತಿದ್ದು ಸತ್ತಿದ್ದೇ" ಅಂದ. ಆ ಮಡಚಿದ ಹಾಳೆ ಅವನ ಜ್ಯಾಮಿಟ್ರಿ ಬಾಕ್ಸಿನಲ್ಲಿ ಇತ್ತು, ತೋರಿಸಿದ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ವಿ. ಅಕ್ಕ ಕಾಫಿ ತಂದ್ಲು. ಅವಳ ಬೆರಳ ಸಂದಿಯ ಕಥೆ ಪುಟ್ಟನಿಗೆ ಹೇಳಿದೆ. "ಸುಳ್ಳು!" ಅಂದ್ಲು, ನಗ್ತಾ. ನಲವತ್ತು ದಾಟಿದ್ರೂ ಒಪ್ಪಲ್ಲ ಮಹಾರಾಯ್ತಿ.

ಈಗ ನಮ್ಮ ಮೇಜಿನಲ್ಲಿ ಒಂದು ಹೊಸ ಪದ್ಧತಿ ಇದೆ. ಪೂರ್ತಿ ನನ್ನ ತಲೆಯಿಂದ ಬಂದಿದ್ದಲ್ಲ. ಬರ್ನಿಂಗ್ ವೀಲ್ ಅನ್ನೋ ಆಟದಲ್ಲಿ, ಪರಿಸ್ಥಿತಿ ನಿಜವಾಗಿ ಬದಲಾಗೋವರೆಗೂ ಒಮ್ಮೆ ಹಾಕಿದ ದಾಳವೇ ನಡೆಯುತ್ತೆ, ಮತ್ತೆ ಮತ್ತೆ ಹಾಕಿಸೋ ಹಾಗಿಲ್ಲ. 2017ರ ಬ್ಲೇಡ್ಸ್ ಇನ್ ದ ಡಾರ್ಕ್ ಪೂರ್ತಿ ಕಳ್ಳರದ್ದೇ ಆಟ. ಅದರಲ್ಲಿ ಅಪಾಯ ಎಷ್ಟು, ಗೆದ್ರೆ ಸಿಗೋದೆಷ್ಟು ಅಂತ ದಾಳ ಹಾಕೋ ಮುಂಚೆಯೇ ಬಾಯಿಬಿಟ್ಟು ಹೇಳಬೇಕು. ಎರಡೂ ಸೇರಿಸಿ ನಾವು ಮಾಡ್ಕೊಂಡಿದ್ದು ಇದು. ಯಾರಾದ್ರೂ ಅಡಗ್ತೀನಿ ಅಂದ್ರೆ ನಾನು ಮೊದಲು ಒಂದು ಚೀಟಿಯಲ್ಲಿ ಬರೆದು ಎಲ್ಲರಿಗೂ ಕಾಣೋ ಹಾಗೆ ಇಡಬೇಕು. ಕಾವಲುಗಾರ ಈಗ ಏನು ಮಾಡ್ತಿದ್ದಾನೆ, ಅವನಿಗೆ ಏನು ಗೊತ್ತು. ಈ ಒಂದು ದಾಳ ಎಲ್ಲೀವರೆಗೆ ನಡೆಯುತ್ತೆ. ಏನಾದ್ರೆ ಮುಗಿಯುತ್ತೆ. ಬರೆದಮೇಲೆ ದಾಳ. ದಾಳ ಆದ್ಮೇಲೆ ಚೀಟಿ ತಿದ್ದೋ ಹಾಗಿಲ್ಲ. ಕಾವಲುಗಾರ ತಿರುಗಬೇಕು ಅಂದ್ರೆ ತಿರುಗೋಕೆ ಒಂದು ಕಾರಣ ಬೇಕು, ಆ ಕಾರಣ ಚೀಟಿಯಲ್ಲಿ ಇರಬೇಕು. ಬೆರಳು ಕಣ್ಣಿಗೆ ಬಿಗಿಯಾಗಿ ಒತ್ತಿಕೊಳ್ಳೋಕೆ ನಾನು ಕಂಡುಕೊಂಡ ದಾರಿ ಇದೊಂದೇ. ಲಾಯರ್ರಿಗೂ ಖುಷಿ, ವಾದ ಮಾಡೋದಿದ್ರೆ ದಾಳಕ್ಕೆ ಮುಂಚೆ ಮಾಡ್ತಾನೆ. ಗೋಳಿಬಜೆ ಬಿಸಿಯಾಗೇ ಸಿಗ್ತಿದೆ.

ಪುಟ್ಟ ವಾಪಸ್ ಬಂದ. ಹೊಸ ಪಾತ್ರ ಮಾಡ್ಕೊಂಡು ಬಂದಿದ್ದ. ತಲೆಯಿಂದ ಕಾಲಿನವರೆಗೂ ಕಬ್ಬಿಣದ ಕವಚ ತೊಟ್ಟ ಯೋಧ, ನಡೆದ್ರೆ ಪಾತ್ರೆ ಅಂಗಡಿ ಬಿದ್ದಷ್ಟು ಸದ್ದು. ಆ ಕವಚ ಹಾಕ್ಕೊಂಡು ಅಡಗೋಕೆ ಹೋದ್ರೆ ಎರಡು ದಾಳ ಹಾಕಿ ಕಮ್ಮಿ ಬಿದ್ದಿದ್ದನ್ನೇ ತಗೋಬೇಕು. "ಅಡಗೋ ಗೋಜೇ ಬೇಡ ಮಾವ" ಅಂದ. ನಗ್ತಾನೇ ಅಂದ. ಆದ್ರೂ ನನಗೆ ಒಳಗೆ ಚುರ್ರ್ ಅಂತು. ನಾನು ಚೀಟಿ ಬರೆಯೋ ಪದ್ಧತಿ ಮಾಡಿದ್ದೇ ಅವನಿಗೋಸ್ಕರ, ಅವನಿಗೆ ಅದರ ಅವಶ್ಯಕತೆಯೇ ಇಲ್ಲ ಈಗ.

ಹೋದ ಭಾನುವಾರ ಒಂದು ಕಾಡಿನಲ್ಲಿ ಇವರೆಲ್ಲ ಡಕಾಯಿತರಿಂದ ತಪ್ಪಿಸಿಕೊಳ್ಳಬೇಕಿತ್ತು. ನನ್ನ ಹೆಂಡತಿಯ ಮಂತ್ರವಾದಿ ಪೊದೆಯಲ್ಲಿ ಅಡಗಿದ್ಲು. ನಾನು ಚೀಟಿ ಬರೆದು ಇಟ್ಟೆ. ಪುಟ್ಟ ಬಗ್ಗಿ ಓದಿದ. ಎರಡು ಸಲ ಓದಿದ. ಆಮೇಲೆ ಅವನ ಯೋಧ ಕವಚದ ಒಂದೊಂದೇ ಬಿಲ್ಲೆ ಬಿಚ್ಚಿ ನೆಲದ ಮೇಲೆ ಇಡೋಕೆ ಶುರು ಮಾಡಿದ. "ಬಿಚ್ಚೋಕೆ ಐದು ನಿಮಿಷ ಬೇಕು ಕಣೋ, ಡಕಾಯಿತರು ಬಂದುಬಿಡ್ತಾರೆ" ಅಂತ ಲಾಯರ್ರು ಅಂದ. "ಬರಲಿ ಬಿಡಿ, ಎಷ್ಟಾಗುತ್ತೋ ಅಷ್ಟು" ಅಂದ ಪುಟ್ಟ.

ನಿಮ್ಮೂರಲ್ಲಿ ಐಸ್ ಪೈಸ್ ನಿಯಮ ಹೇಗಿತ್ತು? ಹೆಸರು, ಜಾಗ ಎರಡೂ ಹೇಳಬೇಕಿತ್ತಾ, ಇಲ್ಲ ಬರೀ ಹೆಸರು ಸಾಕಿತ್ತಾ? ನಿಮ್ಮ ಮನೇಲಿ ಬೆರಳ ಸಂದಿಯಿಂದ ನೋಡ್ತಿದ್ದವರು ಯಾರು? ಹೇಳಿ. ಅಕ್ಕನಿಗೆ ತೋರಿಸಬೇಕು.